ಪ್ಲೈವುಡ್, ಸನ್‌ಮೈಕಾ, ಸಿಮೆಂಟ್ ಶೀಟು: ಕೊಳ್ಳುವ ಮುನ್ನ ಆರೋಗ್ಯವನ್ನೂ ನೋಡಿ

ಕಲ್ಲಿನ ಗೋಡೆ, ಮಣ್ಣಿನ ಮೇಲ್ಮುದ್ದೆ, ಬೇವಿನ ಇಲ್ಲವೆ ಜಾಲಿಯ ಕಟ್ಟಿಗೆಯ ಬಾಗಿಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳೆಯ ಮನೆಗಳು ಇಷ್ಟರಲ್ಲಿಯೇ ಮುಗಿಯುತ್ತಿದ್ದವು. ಈಗ ಹಾಗಿಲ್ಲ. ಕಪಾಟಿಗೆ ಪ್ಲೈವುಡ್, ಅದರ ಮೇಲೆ ಸನ್‌ಮೈಕಾ, ಬಚ್ಚಲಿಗೆ ಫೈಬರ್ ಬಾಗಿಲು, ದನದ ಕೊಟ್ಟಿಗೆಗೆ ಸಿಮೆಂಟ್ ಶೀಟು, ಸೀಳಿದ ಸಾಮಾನಿಗೆ ಎರಡು ಟ್ಯೂಬಿನ ಅಂಟು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅಥವಾ ಮನೆಯಲ್ಲಿ ಮದುವೆ ಗೊತ್ತಾದಾಗ ಈ ಸಾಮಾನುಗಳ ಅಂಗಡಿಗೆ ಹೋಗದ ಕುಟುಂಬವೇ ಇಲ್ಲ.

ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆ ಎರಡೇ: ದರ ಎಷ್ಟು? ಎಷ್ಟು ವರ್ಷ ಬಾಳುತ್ತದೆ? ಇವುಗಳ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದನ್ನು ಕೊಯ್ದಾಗ ಏನು ಹಾರುತ್ತದೆ? ಬಿಸಿಲಿಗೆ ಕಾದಾಗ ಏನು ಹೊರಬರುತ್ತದೆ? ಉಳಿದ ಚೂರು ಎಲ್ಲಿಗೆ ಹೋಗುತ್ತದೆ? ಏಕೆಂದರೆ ಈ ವಸ್ತುಗಳು ಗೋಡೆಗೆ ಅಂಟಿಕೊಂಡು ಸುಮ್ಮನಿರುವಾಗ ಬಹುಮಟ್ಟಿಗೆ ನಿರುಪದ್ರವಿಗಳು. ಕೊಯ್ಯುವಾಗ, ಉಜ್ಜುವಾಗ, ಅಂಟಿಸುವಾಗ, ಕಾಯುವಾಗ, ಸುಡುವಾಗ ಮಾತ್ರ ಅವು ನಮ್ಮ ಉಸಿರಿನೊಳಗೆ ಇಳಿಯುತ್ತವೆ.

ಇವುಗಳ ಒಳಗೆ ಏನಿದೆ?

ತೆಳುವಾದ ಪದರುಗಳನ್ನು ಅಂಟಿನಿಂದ ಒತ್ತಿ ಮಾಡಿದ್ದು ಲ್ಯಾಮಿನೇಟ್. ಎರಡು ಬೇರೆ ಬೇರೆ ವಸ್ತುಗಳನ್ನು ಕೂಡಿಸಿ ಒಂದಕ್ಕೊಂದು ಬಲ ಕೊಡುವಂತೆ ಮಾಡಿದ್ದು ಸಂಯುಕ್ತ ವಸ್ತು, ಅಂದರೆ ಕಾಂಪೋಸಿಟ್. ಹುಲ್ಲು ಬೆರೆಸಿದ ಮಣ್ಣಿನ ಗೋಡೆಯೂ ಒಂದು ಸಂಯುಕ್ತ ವಸ್ತುವೇ ಆಗಿದೆ. ನಮ್ಮ ಹಿರಿಯರ ಮಿಶ್ರಣದಲ್ಲಿ ಮಣ್ಣು, ಹುಲ್ಲು, ಸಗಣಿ ಇದ್ದವು. ಇಂದಿನವುಗಳಲ್ಲಿ ರಾಸಾಯನಿಕ ರಾಳಗಳಿವೆ.

ಈ ರಾಳಗಳ ಮೂಲಪುರುಷ ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಇದನ್ನು ತಯಾರಿಸಿದರು. ಮುಂದೆ ಕಾಗದ ಹಾಗೂ ಬಟ್ಟೆಯನ್ನು ಇಂಥ ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಒತ್ತಿ, ವಿದ್ಯುತ್ ಉಪಕರಣಗಳಲ್ಲಿ ಅಭ್ರಕಕ್ಕೆ ಬದಲಾಗಿ ಬಳಸತೊಡಗಿದರು. ಅಭ್ರಕ ಎಂದರೆ ಇಂಗ್ಲಿಷಿನಲ್ಲಿ ಮೈಕಾ. ಅದರ ಬದಲಿಗೆ ಬಂದದ್ದೆಂದು 1913ರಲ್ಲಿ ಸ್ಥಾಪನೆಯಾದ ಅಮೆರಿಕದ ಕಂಪನಿಯೊಂದು ಫಾರ್ಮೈಕಾ ಎಂಬ ಹೆಸರಿಟ್ಟುಕೊಂಡಿತು. ನಾವು ಸನ್‌ಮೈಕಾ ಎಂದು ಕರೆಯುವ ಹಾಳೆಯಲ್ಲಿಯೂ ಅಭ್ರಕವಿಲ್ಲ. ಫೀನಾಲ್ ರಾಳದಲ್ಲಿ ನೆನೆದ ದಪ್ಪ ಕಾಗದ, ಮೇಲೆ ಮೆಲಮಿನ್ ರಾಳದಲ್ಲಿ ನೆನೆದ ಚಿತ್ತಾರದ ಕಾಗದ, ಅಷ್ಟೇ.

ಒತ್ತಿ ಗಟ್ಟಿಯಾದ ಸನ್‌ಮೈಕಾ ಹಾಳೆಯಿಂದ ಹೊರಬರುವ ಅನಿಲ ತೀರ ಕಡಿಮೆ. ಹೆಚ್ಚಿನ ತೊಂದರೆ ಅದರ ಕೆಳಗಿನ ಹಲಗೆಯಲ್ಲಿದೆ. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಮತ್ತು ಅಗ್ಗದ ಪ್ಲೈವುಡ್‌ಗಳಲ್ಲಿ ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಈ ಅಂಟು ಬಿಸಿ ಮತ್ತು ತೇವಕ್ಕೆ ನಿಧಾನವಾಗಿ ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಶವ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ದ್ರವ ಇದೇ ಅನಿಲ ನೀರಿನಲ್ಲಿ ಕರಗಿದ್ದು. ಹೊಸ ಕಪಾಟಿನ ಬಾಗಿಲು ತೆರೆದೊಡನೆ ಕಣ್ಣು ಚುರುಗುಟ್ಟುವ ವಾಸನೆಗೆ ಬಹುತೇಕ ಇದೇ ಕಾರಣ.

ಬಿಸಿಲ ನಾಡಿನಲ್ಲಿ ಬಾಣಂತಿ ಕೋಣೆ

2005ರಲ್ಲಿ ಅಮೆರಿಕದಲ್ಲಿ ಕತ್ರೀನಾ ಚಂಡಮಾರುತಕ್ಕೆ ಮನೆ ಕಳೆದುಕೊಂಡವರನ್ನು ಸರಕಾರ ಚಕ್ರದ ಮೇಲಿನ ಚಿಕ್ಕ ಮನೆಗಳಲ್ಲಿ ಇರಿಸಿತು. ಒಳಗೆಲ್ಲ ಅಂಟಿನ ಹಲಗೆಗಳೇ. ಅಲ್ಲಿದ್ದವರಿಗೆ ಕಣ್ಣುರಿ, ಕೆಮ್ಮು, ಉಸಿರಾಟದ ತೊಂದರೆ ಶುರುವಾದವು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡ್ ಹೆಚ್ಚಿರುವುದು ಖಚಿತವಾಯಿತು. ಬೇಸಿಗೆ ಬರುವ ಮೊದಲೇ ಜನರನ್ನು ಬೇರೆಡೆಗೆ ಸಾಗಿಸಬೇಕೆಂದು 2008ರ ಫೆಬ್ರವರಿಯಲ್ಲಿ ಆ ಕೇಂದ್ರ ಸಲಹೆ ನೀಡಿತು. ಬೇಸಿಗೆಯ ಮಾತು ಏಕೆ ಬಂತೆಂದರೆ, ಕಾವು ಏರಿದಂತೆ ಹಲಗೆಯಿಂದ ಹೊರಬೀಳುವ ಅನಿಲವೂ ಏರುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಪತ್ರಾಸ್ ಹೊದಿಸಿದ ಕೋಣೆಯ ಒಳಗಿನ ಕಾವನ್ನು ಹೇಳಬೇಕಾಗಿಯೇ ಇಲ್ಲ. ಇಂಥ ಹೊತ್ತಿನಲ್ಲಿ ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆಂದು ಕೋಣೆಗೆ ಹೊಸ ಕಪಾಟು, ಹೊಸ ಮಂಚ ಮಾಡಿಸುವ ಮನೆಗಳುಂಟು. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಹೆರಿಗೆಯ ನಂತರ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಬೆಂಕಿ ಕಾಯಿಸಿ, ಲೋಬಾನದ ಹೊಗೆ ಹಾಕಿದಾಗ ಆ ಮುಚ್ಚಿದ ಕೋಣೆಯ ಗಾಳಿಯನ್ನೇ ಕೂಸು ಹಗಲಿರುಳು ಉಸಿರಾಡಬೇಕಾಗುತ್ತದೆ. ಊದಿನಕಡ್ಡಿ ಹಚ್ಚಿದರೆ ಹಲಗೆಯ ವಾಸನೆ ಮರೆಯಾಗುತ್ತದೆಯೇ ಹೊರತು ಅನಿಲ ಹೋಗುವುದಿಲ್ಲ. ಊದಿನಕಡ್ಡಿಯ ಹೊಗೆಯಲ್ಲಿಯೂ ಸ್ವಲ್ಪ ಫಾರ್ಮಾಲ್ಡಿಹೈಡ್ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಒಂದು ಮಿತಿ ಹಾಕಿತು: ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂ ಫಾರ್ಮಾಲ್ಡಿಹೈಡ್. ಇದನ್ನು ಮೀರಿದರೆ ಕಣ್ಣು, ಮೂಗು, ಗಂಟಲು ಉರಿಯುತ್ತವೆ. ಉಬ್ಬಸ, ಅಂದರೆ ದಮ್ಮು, ಇದ್ದವರಿಗೆ ಅದು ಕೆರಳಬಹುದು. ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಇದರೊಡನೆ ಕೆಲಸ ಮಾಡಿದವರಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರ್ ಕಂಡುಬಂದದ್ದರಿಂದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಒಂದು ಕಪಾಟಿನಿಂದ ಕ್ಯಾನ್ಸರ್ ಬರುತ್ತದೆಂದು ಹೆದರಬೇಕಿಲ್ಲ. ಆದರೆ ಕೂಸು, ವೃದ್ಧರು ಮತ್ತು ಉಬ್ಬಸವಿರುವವರು ಮಲಗುವ ಕೋಣೆಗೆ ಹಲಗೆ ಆರಿಸುವಾಗ ಎಚ್ಚರ ಬೇಕು.

ಯಾವ ಹಲಗೆ ಎಲ್ಲಿಗೆ?

ಪ್ಲೈವುಡ್ ಮೇಲೆ ಎಂ.ಆರ್. ಎಂದಿದ್ದರೆ ಸಾಮಾನ್ಯ ತೇವ ತಡೆಯುವ ದರ್ಜೆ. ಬಿ.ಡಬ್ಲ್ಯು.ಆರ್. ಎಂದಿದ್ದರೆ ಕುದಿಯುವ ನೀರನ್ನೂ ತಾಳಿಕೊಳ್ಳುವ ದರ್ಜೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಫೀನಾಲ್ ರಾಳದ ಅಂಟು ಇರುತ್ತದೆ. ಅದು ಸುಲಭವಾಗಿ ಒಡೆಯದಿರುವುದರಿಂದ ಅನಿಲ ಬಿಡುವುದೂ ಕಡಿಮೆ. ಆದ್ದರಿಂದ ಅದರ ಹೆಚ್ಚಿನ ಬೆಲೆ ಅಡಿಗೆಮನೆಗೆ ಮಾತ್ರವಲ್ಲ, ಮಲಗುವ ಕೋಣೆಗೂ ಯೋಗ್ಯ. ಐ.ಎಸ್. 303 ಇಲ್ಲವೆ ಹಡಗಿನ ದರ್ಜೆಯ ಐ.ಎಸ್. 710 ಎಂಬ ಸಂಖ್ಯೆ ಮತ್ತು ಐ.ಎಸ್.ಐ. ಗುರುತು ಹಲಗೆಯ ಮೇಲೆಯೇ ಒತ್ತಿದೆಯೇ ನೋಡಿ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ.

ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಕೊಳ್ಳುವುದಾದರೆ ಇ-1 ಎಂಬ ಗುರುತು ಕೇಳಿ. ಇದು ಯೂರೋಪಿನ ವರ್ಗೀಕರಣ. 100 ಗ್ರಾಂ ಒಣ ಹಲಗೆಯಲ್ಲಿ 8 ಮಿಲಿಗ್ರಾಂ ಮೀರದಷ್ಟು ಫಾರ್ಮಾಲ್ಡಿಹೈಡ್ ಇರಬೇಕೆಂಬುದು ಇದರ ಅರ್ಥ. ಇ-2ರಲ್ಲಿ ಅದು 30 ಮಿಲಿಗ್ರಾಂವರೆಗೆ ಇರಬಹುದು. ಇ-0 ಎಂದಿದ್ದರೆ ಇನ್ನೂ ಕಡಿಮೆ.

ಹಲಗೆಯ ಎದುರುಭಾಗಕ್ಕೆ ಮಾತ್ರ ಸನ್‌ಮೈಕಾ ಅಂಟಿಸಿ ಹಿಂಭಾಗ, ಅಂಚು, ತೂತುಗಳನ್ನು ಹಾಗೆಯೇ ಬಿಡುವ ರೂಢಿಯಿದೆ. ಅನಿಲ ಹೊರಬರುವುದು ಈ ತೆರೆದ ಭಾಗಗಳಿಂದಲೇ. ಬಡಿಗೇರರಿಗೆ ಹೇಳಿ ಎರಡೂ ಬದಿ ಮತ್ತು ಅಂಚುಗಳನ್ನು ಮುಚ್ಚಿಸಿ. ಇದರಿಂದ ತೇವವೂ ಗೆದ್ದಲೂ ದೂರವಿರುತ್ತವೆ. ಹೊಸ ಹಲಗೆಯಿಂದ ಅನಿಲ ಹೆಚ್ಚು ಬರುವುದು ಮೊದಲ ಕೆಲವು ತಿಂಗಳು. ಹೆರಿಗೆ ಇರುವ ಮನೆಯಲ್ಲಿ ಕೆಲಸವನ್ನು ಆದಷ್ಟು ಮೊದಲೇ ಮುಗಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ. ಅದು ಆಗದಿದ್ದರೆ ಆ ಕೋಣೆಗೆ ಹಳೆಯ ಕಟ್ಟಿಗೆಯ ಇಲ್ಲವೆ ಕಬ್ಬಿಣದ ಮಂಚವೇ ಮೇಲು.

ಕೊಯ್ಯುವಾಗಿನ ಧೂಳು

ಕೈಗರಗಸದ ಕಾಲದಲ್ಲಿ ಹೊಟ್ಟು ಕಾಲಬುಡದಲ್ಲಿ ಬೀಳುತ್ತಿತ್ತು. ವಿದ್ಯುತ್ ಕಟರ್ ಬಂದ ಮೇಲೆ ಧೂಳು ಸಣ್ಣದಾಗಿ, ಹೊತ್ತುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಎಂ.ಡಿ.ಎಫ್. ಧೂಳು ಬಹಳ ನುಣುಪು. ಯಾವ ಕಟ್ಟಿಗೆಯ ಧೂಳಾದರೂ ವರ್ಷಗಟ್ಟಲೆ ಒಳಗೆ ಹೋದರೆ ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಆದ್ದರಿಂದ ಕೊಯ್ಯುವ ಕೆಲಸವನ್ನು ಪಡಸಾಲೆಯಲ್ಲಿ ಮಾಡಿಸಬಾರದು. ಅಂಗಳದಲ್ಲಿ, ಗಾಳಿ ಮನೆಯಿಂದ ಹೊರಗೆ ಬೀಸುವ ಕಡೆ ಮಾಡಿಸಬೇಕು. ಅಂಗಡಿಯಲ್ಲಿಯೇ ಅಳತೆಗೆ ಕೊಯ್ಸಿ ತಂದರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಗಂಭೀರವಾದದ್ದು ಸಿಮೆಂಟ್ ಶೀಟು. ನಮ್ಮಲ್ಲಿ ಬಹುಕಾಲದಿಂದ ಮಾರಾಟವಾಗುತ್ತಿರುವ ಅಲೆಅಲೆಯ ಬೂದು ಶೀಟುಗಳಲ್ಲಿ ಸಿಮೆಂಟಿಗೆ ಬಲ ಕೊಡಲು ಬಿಳಿ ಆಸ್ಬೆಸ್ಟಾಸ್ ಎಳೆಗಳನ್ನು ಬೆರೆಸಿರುತ್ತಾರೆ. ಶೀಟು ಇಡಿಯಾಗಿರುವಾಗ ಎಳೆಗಳು ಸಿಮೆಂಟಿನಲ್ಲಿ ಹುದುಗಿರುತ್ತವೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ, ತಂತಿಬ್ರಶ್‌ನಿಂದ ಪಾಚಿ ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಾರುತ್ತವೆ. ಶ್ವಾಸಕೋಶಕ್ಕೆ ಹೋದವು ಅಲ್ಲಿಯೇ ಉಳಿದು, ಶ್ವಾಸಕೋಶವನ್ನು ಗಟ್ಟಿಗೊಳಿಸಬಹುದು ಅಥವಾ ಕ್ಯಾನ್ಸರ್ ತರಬಹುದು. ರೋಗ ತಲೆದೋರಲು 20ರಿಂದ 40 ವರ್ಷ ಹಿಡಿಯುವುದರಿಂದ ಕಾರಣ ಯಾರ ನೆನಪಿಗೂ ಬರುವುದಿಲ್ಲ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಆಜ್ಞಾಪಿಸಿದ್ದರ ಹಿಂದೆ ಇದೇ ಕಾರಣವಿದೆ. 60ಕ್ಕೂ ಹೆಚ್ಚು ದೇಶಗಳು ಆಸ್ಬೆಸ್ಟಾಸನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟಿನ ಮಾರಾಟಕ್ಕೆ ಅಡ್ಡಿಯಿಲ್ಲ.

ಈಗಾಗಲೇ ಶೀಟು ಹಾಕಿದವರು ಗಾಬರಿಯಾಗಿ ಕಿತ್ತು ಹಾಕಬಾರದು. ಕೀಳುವಾಗಲೇ ಎಳೆಗಳು ಹೆಚ್ಚು ಹಾರುತ್ತವೆ. ಸರಿಯಿದ್ದ ಶೀಟನ್ನು ಹಾಗೆಯೇ ಬಿಡಿ. ತೆಗೆಯಲೇಬೇಕಾದರೆ ನೀರಿನಿಂದ ಚೆನ್ನಾಗಿ ತೋಯಿಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಮಕ್ಕಳು ಹತ್ತಿರ ಇರಕೂಡದು. ಒಡೆದ ಚೂರುಗಳನ್ನು ಕುಟ್ಟಿ ಅಂಗಳದ ತಗ್ಗು ತುಂಬುವುದು, ಕೋಳಿಗೂಡಿಗೆ ಬಳಸುವುದು ಸಲ್ಲದು. ಹೊಸದಾಗಿ ಹೊದಿಸುವವರು ಆಸ್ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟು ಕೇಳಿ ತರಬಹುದು, ಇಲ್ಲವೆ ಬಣ್ಣದ ಪತ್ರಾಸ್ ಹಾಕಿ ಕೆಳಗೆ ಕಾವು ತಡೆಯುವ ಹೊದಿಕೆ ಹೊಂದಿಸಬಹುದು. ಆದರೆ ಆಸ್ಬೆಸ್ಟಾಸ್ ಇಲ್ಲದ ಶೀಟಿನ ಧೂಳಿನಲ್ಲಿಯೂ ಸಿಲಿಕಾ ಇರುತ್ತದೆ ಎಂಬುದನ್ನು ಮರೆಯಬಾರದು.

ಸಿಲಿಕಾ ಎಂದರೆ ಉಸುಕಿನ ಮೂಲದ್ರವ್ಯ. ಅದರ ಸಣ್ಣ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವನ್ನು ಗುಣಪಡಿಸುವ ಔಷಧಿಯಿಲ್ಲ. ಅಡಿಗೆಕಟ್ಟೆಗೆ ಈಗ ಬರುತ್ತಿರುವ ಕೃತಕ ಕ್ವಾರ್ಟ್ಜ್ ಕಲ್ಲು, ಕಲ್ಲಿನ ಪುಡಿಯನ್ನು ರಾಳದಲ್ಲಿ ಕೂಡಿಸಿದ ಸಂಯುಕ್ತ ವಸ್ತು. ಇದರಲ್ಲಿ ಸಿಲಿಕಾ 90 ಪ್ರತಿಶತಕ್ಕೂ ಹೆಚ್ಚಿರಬಹುದು. ಕೊಯ್ಯುವ ಯುವ ಕಾರ್ಮಿಕರು ಸಿಲಿಕೋಸಿಸ್‌ಗೆ ತುತ್ತಾದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿತು. ನಮ್ಮ ಮಗ್ಗುಲಲ್ಲಿಯೇ ತಾಳಿಕೋಟಿಯ ಪರಸಿಯಿದೆ. ಅದು ಸುಣ್ಣಗಲ್ಲಿನ ಜಾತಿ, ಸಿಲಿಕಾ ಬಹಳ ಕಡಿಮೆ. ಇಳಕಲ್ಲಿನ ಗ್ರಾನೈಟ್‌ನಲ್ಲಿ ಅದಕ್ಕಿಂತ ಹೆಚ್ಚು, ಕೃತಕ ಕಲ್ಲಿಗಿಂತ ಕಡಿಮೆ. ಯಾವುದನ್ನೇ ಆರಿಸಿದರೂ ಗೌಂಡಿಗೆ ನೀರು ಬಿಟ್ಟುಕೊಂಡೇ ಕೊಯ್ಯಲು ಹೇಳಿ. ಒಣ ಕಲ್ಲಿನ ಮೇಲೆ ಗ್ರೈಂಡರ್ ಹಿಡಿದಾಗ ಏಳುವ ಬಿಳಿ ಮೋಡದಲ್ಲಿ ಮೊದಲು ಮುಳುಗುವವನು ಅವನೇ.

ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಕೊರೋನಾ ಕಾಲದಿಂದ ಎಲ್ಲರಿಗೂ ಗೊತ್ತಿರುವ ಎನ್-95 ಮುಖಗವಸು ಬೇಕು. ಕೆಲಸ ಮುಗಿದ ಮೇಲೆ ಕಸಬರಿಗೆಯಿಂದ ಒಣಗುಡಿಸದೆ ಒದ್ದೆ ಅರಿವೆಯಿಂದ ಒರೆಸಬೇಕು.

ಅಂಟು ಮತ್ತು ರಾಳ

ಕಟ್ಟಿಗೆ ಕೂಡಿಸುವ ಬಿಳಿ ಅಂಟು ನೀರಿನಲ್ಲಿ ಕಲಸಿದ್ದು, ತಕ್ಕಮಟ್ಟಿಗೆ ನಿರಪಾಯ. ಸನ್‌ಮೈಕಾ ತಟ್ಟನೆ ಹಿಡಿಯಲೆಂದು ಬಳಸುವ ಕಂದು ರಬ್ಬರ್ ಅಂಟಿನ ಗುಣ ಬೇರೆ. ಅದರಲ್ಲಿ ಟಾಲ್ವೀನ್‌ನಂಥ ದ್ರಾವಕಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ಓಕರಿಕೆ ಬರುತ್ತವೆ. ಇದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಮುಟ್ಟಿ ಹೊತ್ತಿಕೊಳ್ಳಬಲ್ಲದು. ದೇವರ ಕಪಾಟಿಗೆ ಹಾಳೆ ಅಂಟಿಸಿದ ದಿನ ಅಲ್ಲಿ ದೀಪ ಹಚ್ಚಬೇಡಿ. ಒಲೆಯೂ ಹತ್ತಿರ ಉರಿಯುತ್ತಿರಬಾರದು. ಎನ್-95 ಮುಖಗವಸು ಧೂಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಆವಿಗೆ ತೆರೆದ ಕಿಟಕಿಯೇ ಮದ್ದು.

ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಸಿಯಾಗಿರುವಾಗ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಉಂಟಾಗುತ್ತದೆ. ಒಮ್ಮೆ ಬಂದದ್ದು ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಕೈಗವಸು ಹಾಕಿ. ತಾಗಿದರೆ ಸಾಬೂನಿನಿಂದ ತೊಳೆಯಿರಿ, ಪೆಟ್ರೋಲು-ಥಿನ್ನರ್ ಬಳಸಬೇಡಿ.

ಫೈಬರ್ ಬಾಗಿಲು, ಫೈಬರ್ ತೊಟ್ಟಿ ದುರಸ್ತಿಗೆ ಗಾಜಿನ ಎಳೆಯ ಚಾಪೆ, ಪಾಲಿಯೆಸ್ಟರ್ ರಾಳ ಮತ್ತು ಗಟ್ಟಿಗೊಳಿಸುವ ದ್ರವ ಬೇಕು. ಈ ದ್ರವ ಪೆರಾಕ್ಸೈಡ್ ಜಾತಿಯದು. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಸಂಚಕಾರ. ಬಿದ್ದ ಕ್ಷಣವೇ ಧಾರಾಳ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಬೇಕು. ಕೋಬಾಲ್ಟ್ ಇರುವ ವೇಗವರ್ಧಕವನ್ನು ಈ ದ್ರವದೊಡನೆ ನೇರವಾಗಿ ಎಂದೂ ಬೆರೆಸಬಾರದು, ಸ್ಫೋಟವಾಗುತ್ತದೆ. ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಗಾಜಿನ ಎಳೆ ಮೈಗೆ ಚುಚ್ಚಿ ತುರಿಸಿದರೆ ಕೆರೆಯದೆ ತಣ್ಣೀರು ಹರಿಸಿ ತೊಳೆಯಿರಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಅಂಟು ಹಿಡಿಯದ ಕಡೆ ದುರಸ್ತಿ ಮಾಡುವುದೂ ಅಪಾಯವೇ. ಬೆನ್ನಿಗೆ ಕಟ್ಟುವ ಔಷಧಿ ಸಿಂಪರಣಾ ಡಬ್ಬಿ ಸಾಮಾನ್ಯವಾಗಿ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್. ಎಪಾಕ್ಸಿ ಅದಕ್ಕೆ ಕಚ್ಚುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡರೂ ಹೊಲದಲ್ಲಿ ಬಿರುಕು ಬಿಟ್ಟು ಕೀಟನಾಶಕ ಬೆನ್ನ ಮೇಲೆ ಇಳಿಯುತ್ತದೆ, ಚರ್ಮದ ಮೂಲಕ ಮೈಸೇರುತ್ತದೆ. ದ್ರಾಕ್ಷಿ, ಲಿಂಬೆ, ತೊಗರಿಗೆ ಔಷಧಿ ಹೊಡೆಯುವ ರೈತರು ಸೀಳಿದ ಡಬ್ಬಿಯನ್ನು ಬದಲಿಸುವುದೇ ಸರಿ. ಕುಡಿಯುವ ನೀರಿನ ತೊಟ್ಟಿಗೂ ಕಂಡ ರಾಳ ಬಳಿಯಬೇಡಿ. ಕುಡಿಯುವ ನೀರಿಗೆ ಯೋಗ್ಯ ಎಂದು ಡಬ್ಬಿಯ ಮೇಲೆ ಬರೆದದ್ದೇ ಆಗಬೇಕು.

ಸ್ವಿಚ್ ಬೋರ್ಡಿಗೆ ಸನ್‌ಮೈಕಾ ಸಲ್ಲದು

ಮೋಟಾರಿನ ಸ್ಟಾರ್ಟರ್, ಮನೆಯ ಸ್ವಿಚ್ ಕೂಡಿಸಲು ಹೈಲಂ ಶೀಟು ಬಳಸುತ್ತಾರೆ. ಅದು ಬೇಕಲೈಟ್ ವಂಶದ ದಪ್ಪ ಲ್ಯಾಮಿನೇಟ್, ಒಣಗಿರುವಾಗ ವಿದ್ಯುತ್ತನ್ನು ಹರಿಯಗೊಡದು. ಅದರ ಬದಲು ಉಳಿದ ಪ್ಲೈವುಡ್ ಚೂರಿಗೆ ಸನ್‌ಮೈಕಾ ಅಂಟಿಸಿ ಹಾಕಿದರೆ ನೋಡಲು ಒಂದೇ. ಆದರೆ ಮಳೆಗಾಲದಲ್ಲಿ ತೇವ ಹೀರಿದ ಕಟ್ಟಿಗೆ ವಿದ್ಯುತ್ತನ್ನು ಹರಿಸುತ್ತದೆ. ಹೊಲದ ಮೋಟಾರು ಕೋಣೆಯಲ್ಲಿ ಒದ್ದೆ ಕೈ, ಬರಿಗಾಲಿನವರಿಗೆ ಇದು ಪ್ರಾಣಾಂತಿಕ. ಸುಟ್ಟು ಕಪ್ಪಾದ ಹೈಲಂ ಶೀಟನ್ನೂ ಬದಲಿಸಬೇಕು, ಆ ಕಪ್ಪು ಗೆರೆ ಇಂಗಾಲವಾದ್ದರಿಂದ ವಿದ್ಯುತ್ತಿಗೆ ದಾರಿಯಾಗುತ್ತದೆ. ಜೊತೆಗೆ ಸರಿಯಾದ ಅರ್ಥಿಂಗ್ ಇರಬೇಕು. ಮನೆಗೆ 30 ಮಿಲಿಆಂಪಿಯರ್‌ಗೆ ಕಡಿತಗೊಳ್ಳುವ ಸುರಕ್ಷಾ ಸ್ವಿಚ್ ಹಾಕಿಸಿ.

ಚೂರುಗಳು ಒಲೆಗೆ ಬೇಡ

ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ಬಚ್ಚಲ ಒಲೆಗೆ, ಕೆಲವೊಮ್ಮೆ ರೊಟ್ಟಿಯ ಒಲೆಗೂ ಹಾಕುವುದುಂಟು. ನೋಡಲು ಕಟ್ಟಿಗೆಯೇ, ಚೆನ್ನಾಗಿ ಉರಿಯುತ್ತದೆ. ಆದರೆ ಉರಿಯುವುದು ಅಂಟು, ರಾಳ ಹಾಗೂ ಕೆಲವು ಹಲಗೆಗಳಲ್ಲಿ ಗೆದ್ದಲು ಔಷಧಿ. ಬಚ್ಚಲ ಬಾಗಿಲಿಗೆ ಬಳಸುವ ಪಿ.ವಿ.ಸಿ. ಹಲಗೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಸುಡುವ ಅನಿಲ ಮತ್ತು ಡಯಾಕ್ಸಿನ್‌ನಂಥ ವಿಷಗಳು ಬರುತ್ತವೆ. ಹಸಿರು ಬಣ್ಣದ ಹಳೆಯ ರೇಡಿಯೋ-ಟಿ.ವಿ. ಫಲಕಗಳನ್ನು ತಾಮ್ರದ ಆಸೆಗೆ ಸುಡುವುದೂ ಹಾಗೆಯೇ. ಈ ಹೊಗೆಯನ್ನು ಮೊದಲು ನುಂಗುವವರು ಒಲೆಯ ಮುಂದೆ ಕುಳಿತ ಹೆಂಗಸರು ಮತ್ತು ಅವರ ಮಡಿಲ ಮಕ್ಕಳು. ತುಂಡುಗಳನ್ನು ಕೂಡಿಟ್ಟು ಸಣ್ಣ ಕೆಲಸಕ್ಕೆ ಬಳಸಿ. ಉಳಿದದ್ದನ್ನು ಪುರಸಭೆಯ ಇಲ್ಲವೆ ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ನೆನಪಿಡಬೇಕಾದದ್ದು

* ಮಲಗುವ ಕೋಣೆಗೆ ಬಿ.ಡಬ್ಲ್ಯು.ಆರ್. ಪ್ಲೈವುಡ್ ಇಲ್ಲವೆ ಇ-1 ಹಲಗೆ. ಅಂಚು, ಹಿಂಭಾಗ ಮುಚ್ಚಿರಲಿ.
* ಹೆರಿಗೆಗೆ ಮುನ್ನ ಕೆಲವು ತಿಂಗಳು ಮೊದಲೇ ಮರಗೆಲಸ ಮುಗಿಯಲಿ.
* ಹಳೆಯ ಸಿಮೆಂಟ್ ಶೀಟನ್ನು ಕೊರೆಯಬೇಡಿ, ಉಜ್ಜಬೇಡಿ, ಒಡೆಯಬೇಡಿ.
* ಕಲ್ಲು, ಶೀಟು ಕೊಯ್ಯುವಾಗ ನೀರು, ಧೂಳಿಗೆ ಎನ್-95, ರಾಳಕ್ಕೆ ಕನ್ನಡಕ, ಕೈಗವಸು.
* ಅಂಟಿನ ಹಲಗೆಯ ಚೂರು ಒಲೆಗೆ ಬೇಡವೇ ಬೇಡ.

ಹೊಸ ಹಲಗೆ ಬಂದ ಮೇಲೆ ಕೂಸಿಗೆ ಕೆಮ್ಮು, ಮೂಗು ಕಟ್ಟುವುದು, ಕಣ್ಣಲ್ಲಿ ನೀರು ನಿಲ್ಲದಿದ್ದರೆ ಮೊದಲು ಕೋಣೆ ಬದಲಿಸಿ. ಹೊರಗೆ ಇದ್ದಾಗ ಕಡಿಮೆಯಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಕೂಸು ಹಾಲು ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹತ್ತಾರು ವರ್ಷ ಬಡಿಗೆತನ, ಗೌಂಡಿಕೆಲಸ ಮಾಡಿದವರು ಮೆಟ್ಟಿಲು ಹತ್ತುವಾಗ ದಮ್ಮು ಬಂದರೆ ವಯಸ್ಸಾಯಿತೆಂದು ಸುಮ್ಮನಾಗಬಾರದು. ಎದೆಯ ಎಕ್ಸ್‌ರೇ ತೆಗೆಸಿ, ತಾವು ಮಾಡಿದ ಕೆಲಸ ಯಾವುದೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಕೆಮ್ಮು ಎರಡು ವಾರ ಮೀರಿದರೆ ಕಫದ ಪರೀಕ್ಷೆಯೂ ಆಗಲಿ. ಸಿಲಿಕಾ ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ.